ಕೀಲೆಣ್ಣೆಯ ಸಾಕ್ಷ್ಯ

2013ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಅಲಾಸ್ಕಾ ರಾಜ್ಯದ ಹೆದ್ದಾರಿಯೊಂದರಲ್ಲಿ ಹಳೆಯ ಕೆಂಪು ಕಾರೊಂದು ಸಾಗುತ್ತಿದ್ದಿತು. ಅದು ಕ್ರಮಿಸಿದ ಒಟ್ಟು ದೂರವು ಆ ತಿಂಗಳು 30 ಲಕ್ಷ ಮೈಲಿಗಳನ್ನು, ಎಂದರೆ ಸುಮಾರು 48 ಲಕ್ಷ ಕಿಲೋಮೀಟರುಗಳನ್ನು ಮುಟ್ಟಿತು. ಭೂಮಧ್ಯರೇಖೆಯಗುಂಟ ಭೂಮಿಯನ್ನು 120 ಸಲ ಸುತ್ತಿದಷ್ಟು ದೂರವದು! ಕಾರಿನ ಒಡೆಯರಾದ ಅರ್ವ್ ಗೋರ್ಡನ್ ನಿವೃತ್ತ ವಿಜ್ಞಾನ ಶಿಕ್ಷಕರು. ವೋಲ್ವೋ ಕಾರ್ಖಾನೆಯ ಆ ಕಾರನ್ನು ಅವರು 1966ರಲ್ಲಿ ಕೊಂಡಿದ್ದರು. ಇದರ ಹಿಂದೆ ಯಾವ ಪವಾಡವೂ ಇರಲಿಲ್ಲ. ಕಾಲಕಾಲಕ್ಕೆ ಎಣ್ಣೆಯನ್ನು ಬದಲಿಸುವುದು, ಸಣ್ಣ ತೊಂದರೆಯನ್ನೂ ಅಲಕ್ಷಿಸದೆ ಒಡನೆಯೇ ಸರಿಪಡಿಸುವುದು—ಇವೇ ಅವರು ಪಾಲಿಸಿದ ನಿಯಮಗಳು.

ಎಲ್ಲ ಕಾರುಗಳಿಗೂ ಇಂತಹ ದೀರ್ಘಾಯುಷ್ಯವಿಲ್ಲ. ಸಾಮಾನ್ಯವಾಗಿ ಎರಡು ಲಕ್ಷ ಕಿಲೋಮೀಟರ್ ಓಡಿದ ಕಾರಿನಲ್ಲಿ ಎಣ್ಣೆ ಬೇಗ ಕಡಿಮೆಯಾಗತೊಡಗಿದರೆ, “ಇನ್ನು ಎಂಜಿನ್ ಬಿಚ್ಚಬೇಕು” ಎಂಬ ಮಾತು ಕೇಳಿಬರುತ್ತದೆ. ಎಂಜಿನ್ನನ್ನು ಬಿಚ್ಚಿಸುವುದು ಅಗ್ಗದ ಕೆಲಸವಲ್ಲ. ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವನಿಗೆ ಕೈಯಿಂದ ಹೋಗುವ ಹಣವೂ ನಷ್ಟ, ಕಾರು ನಿಂತ ದಿನಗಳ ಗಳಿಕೆಯೂ ನಷ್ಟ. ಬಿಚ್ಚಲೇಬೇಕಾದ ಎಂಜಿನ್ನನ್ನು ಬಿಚ್ಚದೆ ಓಡಿಸಿದರೋ, ಅದು ಒಂದು ದಿನ ನಡುದಾರಿಯಲ್ಲಿ ಕೈಕೊಡುತ್ತದೆ. ಹಾಗಾದರೆ ಎಂಜಿನ್ನನ್ನು ತೆರೆಯದೆಯೇ ಅದರ ಒಳಗಿನ ಸ್ಥಿತಿಯನ್ನು ತಿಳಿಯುವುದು ಹೇಗೆ? ವೈದ್ಯರು ಒಂದು ತೊಟ್ಟು ರಕ್ತವನ್ನು ಪರೀಕ್ಷಿಸಿ ದೇಹದ ಸ್ಥಿತಿಯನ್ನು ಅರಿಯುವಂತೆ, ತಜ್ಞರು ಎಂಜಿನ್ನಿನ ಕೀಲೆಣ್ಣೆಯನ್ನು ಪರೀಕ್ಷಿಸುತ್ತಾರೆ.

ಎಂಜಿನ್ನಿನಲ್ಲಿ ಕೀಲೆಣ್ಣೆಯ ಕೆಲಸ ಒಂದೇ ಅಲ್ಲ. ಉಜ್ಜಾಡುವ ಲೋಹದ ಭಾಗಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ಅದು ಘರ್ಷಣೆಯನ್ನು ತಗ್ಗಿಸುತ್ತದೆ, ಶಾಖವನ್ನು ಹೊತ್ತೊಯ್ಯುತ್ತದೆ, ಇಂಧನ ಉರಿದಾಗ ಉಳಿಯುವ ಮಸಿಯನ್ನೂ ಲೋಹದ ಸೂಕ್ಷ್ಮಕಣಗಳನ್ನೂ ತನ್ನಲ್ಲಿ ತೇಲಿಸಿಕೊಂಡು ಸಾಗುತ್ತದೆ. ಆದುದರಿಂದ ಎಂಜಿನ್ನಿನೊಳಗೆ ನಡೆಯುವ ಸವೆತದ ಕುರುಹು ಎಣ್ಣೆಯಲ್ಲಿ ಉಳಿಯುತ್ತದೆ. ಆದರೆ ಈ ಕುರುಹು ಬರಿಗಣ್ಣಿಗೆ ಕಾಣುವಂತಹುದಲ್ಲ. ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಹಲವರು ಭಾವಿಸುತ್ತಾರೆ. ಮಸಿಯನ್ನು ಹಿಡಿದಿಡುವಂತೆ ತಯಾರಿಸಿದ ಎಣ್ಣೆಯು ಕಪ್ಪಾಗುವುದು ಸಹಜ; ಅದು ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅದರ ಅರ್ಥ. ತಿಳಿಯಾಗಿ ಕಾಣುವ ಎಣ್ಣೆಯಲ್ಲಿಯೂ ಪೆಟ್ರೋಲು ಬೆರೆತು ಅದರ ಸ್ನಿಗ್ಧತೆ ಕುಗ್ಗಿರಬಹುದು. ಬಣ್ಣವನ್ನು ನಂಬಿ ತೀರ್ಪು ಕೊಡುವುದು ಸಲ್ಲದು.

ಕಣ್ಣಿಗೆ ಕಾಣದುದನ್ನು ಕಾಣಿಸಿಕೊಟ್ಟುದು ಬೆಳಕು. ಕಾಯಿಸಿದ ಪ್ರತಿಯೊಂದು ಧಾತುವಿನ ಆವಿಯೂ ತನಗೇ ವಿಶಿಷ್ಟವಾದ ಬೆಳಕಿನ ರೇಖೆಗಳನ್ನು ಸೂಸುತ್ತದೆ. ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ವಿಜ್ಞಾನಿಗಳು ಈ ರೇಖೆಗಳನ್ನು ಅಭ್ಯಸಿಸಿ 1860ರಲ್ಲಿ ಸೀಸಿಯಮ್ ಎಂಬ ಹೊಸ ಧಾತುವನ್ನೇ ಕಂಡುಹಿಡಿದರು. 1940ರ ದಶಕದಲ್ಲಿ ಅಮೆರಿಕದ ರೈಲ್ವೆಯವರು ಇದೇ ರೋಹಿತ ವಿಧಾನವನ್ನು ಡೀಸೆಲ್ ಎಂಜಿನ್ನುಗಳ ಹಳೆಯ ಎಣ್ಣೆಗೆ ಅನ್ವಯಿಸಿದರು. ಮುಂದೆ ವಿಮಾನಗಳ ಎಂಜಿನ್ನುಗಳಿಗೂ ಈ ಪರೀಕ್ಷೆ ಬಳಕೆಗೆ ಬಂದಿತು. ಆಕಾಶದಲ್ಲಿ ಎಂಜಿನ್ ನಿಂತುಹೋಗುವ ಮೊದಲೇ ಅದರ ದೋಷವನ್ನು ನೆಲದ ಮೇಲೆ ತಿಳಿಯುವುದು ಪ್ರಾಣಗಳನ್ನು ಉಳಿಸುವ ವಿಷಯವಲ್ಲವೆ? ಇಂದು ಸಾಧಾರಣ ಕಾರಿನ ಎಣ್ಣೆಯನ್ನೂ ಹೀಗೆ ಪರೀಕ್ಷಿಸಬಹುದು.

ಪರೀಕ್ಷೆಗೆ ಬೇಕಾಗುವ ಎಣ್ಣೆ ಒಂದು ಸಣ್ಣ ಸೀಸೆಯಷ್ಟು ಮಾತ್ರ. ಎಂಜಿನ್ ಬಿಸಿಯಾಗಿರುವಾಗ ಎಣ್ಣೆಯನ್ನು ಹೊರಬಿಟ್ಟು, ಮೊದಲ ಧಾರೆಯನ್ನೂ ಕೊನೆಯ ಧಾರೆಯನ್ನೂ ಬಿಟ್ಟು, ನಡುವಿನ ಧಾರೆಯನ್ನು ಒಣಗಿದ ಶುಭ್ರವಾದ ಸೀಸೆಯಲ್ಲಿ ಹಿಡಿಯಬೇಕು. ಪ್ರಯೋಗಶಾಲೆಯಲ್ಲಿ ಅದನ್ನು ಹಲವು ಸಾವಿರ ಡಿಗ್ರಿ ಉಷ್ಣತೆಗೆ ಒಡ್ಡಿ, ಹೊಮ್ಮುವ ಬೆಳಕನ್ನು ಅಳೆಯುತ್ತಾರೆ. ಎಣ್ಣೆಯ ಹತ್ತು ಲಕ್ಷ ಭಾಗಗಳಲ್ಲಿ ಇಂತಹ ಧಾತು ಇಂತಿಷ್ಟು ಭಾಗವಿದೆಯೆಂದು ತಿಳಿಯುತ್ತದೆ. ಕಬ್ಬಿಣವು ಹೆಚ್ಚಾಗಿ ಸಿಲಿಂಡರಿನ ಗೋಡೆಗಳ ಮತ್ತು ಉಕ್ಕಿನ ಭಾಗಗಳ ಸವೆತವನ್ನು ಸೂಚಿಸುತ್ತದೆ. ಅಲ್ಯೂಮಿನಿಯಮ್ ಪಿಸ್ಟನ್ನಿನ, ಕ್ರೋಮಿಯಮ್ ಪಿಸ್ಟನ್ ಉಂಗುರಗಳ ಸವೆತವನ್ನು ಸೂಚಿಸಬಹುದು. ಸೀಸ, ತವರ, ತಾಮ್ರಗಳು ಬೇರಿಂಗುಗಳ ಕಡೆಗೆ ಬೆರಳು ತೋರುತ್ತವೆ. ಸಿಲಿಕಾನ್ ಏರಿದರೆ ಗಾಳಿಯ ಶೋಧಕವನ್ನು ದಾಟಿ ಧೂಳು ಒಳನುಗ್ಗುತ್ತಿರಬಹುದು. ಸೋಡಿಯಮ್ ಅಥವಾ ಪೊಟ್ಯಾಸಿಯಮ್ ಏರಿದರೆ ರೇಡಿಯೇಟರಿನ ದ್ರವವು ಎಣ್ಣೆಗೆ ಸೋರುತ್ತಿದೆಯೋ ಎಂದು ನೋಡಬೇಕು.

ಆದರೆ ಒಂದು ಸಲದ ಅಂಕಿಯನ್ನು ನೋಡಿ ಗಾಬರಿಗೊಳ್ಳುವುದು ತರವಲ್ಲ. ಮೂರು ಸಾವಿರ ಕಿಲೋಮೀಟರ್ ಓಡಿದ ಎಣ್ಣೆಗಿಂತ ಒಂಬತ್ತು ಸಾವಿರ ಓಡಿದ ಎಣ್ಣೆಯಲ್ಲಿ ಕಬ್ಬಿಣ ಹೆಚ್ಚಿರುವುದು ಸಹಜ. ಒಂದು ಎಂಜಿನ್ನಿಗೆ ಸಾಮಾನ್ಯವಾದುದು ಇನ್ನೊಂದಕ್ಕೆ ಅಸಾಮಾನ್ಯವಾಗಬಹುದು. ಅದೇ ಎಂಜಿನ್ನಿನ ಹಿಂದಿನ ಪರೀಕ್ಷೆಗಳೊಡನೆ, ಓಡಿದ ದೂರವನ್ನೂ ಲೆಕ್ಕಕ್ಕೆ ಹಿಡಿದು, ಹೋಲಿಸಿ ನೋಡಿದಾಗ ಮಾತ್ರ ಅಂಕಿಗಳು ಮಾತನಾಡುತ್ತವೆ.

ಇನ್ನು ಎಣ್ಣೆ ಕಡಿಮೆಯಾಗುವ ವಿಷಯ. ಎಲ್ಲ ಎಂಜಿನ್ನುಗಳೂ ಸ್ವಲ್ಪ ಎಣ್ಣೆಯನ್ನು ಉರಿಸುತ್ತವೆ. 1,000 ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ಕಡಿಮೆಯಾಗಬಹುದೆಂದು ಕೆಲವು ತಯಾರಕರು ತಮ್ಮ ಕೈಪಿಡಿಗಳಲ್ಲಿ ಹೇಳಿರುವುದುಂಟು. ಆದರೆ ಹಿಂದೆ ಇಲ್ಲದ ವೆಚ್ಚ ಈಗ ಕಂಡುಬಂದರೆ ಕಾರಣವನ್ನು ಹುಡುಕಬೇಕು. ಬೆಳಗ್ಗೆ ಎಂಜಿನ್ ಚಾಲೂ ಮಾಡಿದಾಗ ಮಾತ್ರ ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ನಿಂತುಹೋದರೆ ಕವಾಟಗಳ ಸೀಲುಗಳು ಗಡುಸಾಗಿರುವ ಸಂಭವವುಂಟು. ವೇಗ ಹೆಚ್ಚಿಸಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ಉಂಗುರಗಳನ್ನು ಶಂಕಿಸಬೇಕು. ಕಾರು ನಿಂತ ನೆಲದಲ್ಲಿ ಎಣ್ಣೆಯ ಕಲೆ ಕಂಡರೆ ಅದು ಉರಿಯುತ್ತಿಲ್ಲ, ಸೋರುತ್ತಿದೆ. ಕೆಲವೊಮ್ಮೆ ಎಂಜಿನ್ನಿನೊಳಗಿನ ಅನಿಲವನ್ನು ಹೊರಸಾಗಿಸುವ ಚಿಕ್ಕ ಕವಾಟವೊಂದು ಕಟ್ಟಿಕೊಂಡದ್ದೇ ಎಲ್ಲಕ್ಕೂ ಕಾರಣವಾಗಿರುತ್ತದೆ. ಅದನ್ನು ಬದಲಿಸಲು ಹೆಚ್ಚು ವೆಚ್ಚವಿಲ್ಲ.

ಈ ಎರಡು ಸಾಕ್ಷ್ಯಗಳನ್ನೂ ಒಟ್ಟಿಗೆ ಓದಬೇಕು. ಎಣ್ಣೆ ಕಡಿಮೆಯಾಗುತ್ತಿದ್ದರೂ ಲೋಹದ ಕಣಗಳು ಏರದಿದ್ದರೆ ಸೀಲು, ಚಿಕ್ಕ ಕವಾಟ, ಸೋರಿಕೆಗಳನ್ನು ಮೊದಲು ಪರೀಕ್ಷಿಸುವುದು ವಿವೇಕ. ಲೋಹದ ಕಣಗಳೂ ಪರೀಕ್ಷೆಯಿಂದ ಪರೀಕ್ಷೆಗೆ ಏರುತ್ತಿದ್ದರೆ ಎಂಜಿನ್ ನಿಜವಾಗಿಯೂ ಸವೆಯುತ್ತಿದೆ. ಆದರೆ ಇಲ್ಲೊಂದು ಮೋಸವೂ ಅಡಗಿದೆ. ಎಂಜಿನ್ನಿನಲ್ಲಿ 4 ಲೀಟರ್ ಎಣ್ಣೆ ಇರಬೇಕೆಂದು ಭಾವಿಸೋಣ. 1 ಲೀಟರ್ ಉರಿದುಹೋಗಿ 3 ಲೀಟರ್ ಉಳಿದಿದೆ. ಉಳಿದುದರಲ್ಲಿ ಹತ್ತು ಲಕ್ಷಕ್ಕೆ 40 ಭಾಗ ಕಬ್ಬಿಣವಿದೆ. ಅದಕ್ಕೆ 1 ಲೀಟರ್ ಹೊಸ ಎಣ್ಣೆ ಸುರಿದು ಪರೀಕ್ಷೆಗೆ ಕಳುಹಿದರೆ ವರದಿಯಲ್ಲಿ ಬರುವ ಅಂಕಿ 30 ಮಾತ್ರ. ಎಂಜಿನ್ನಿನ ಸವೆತವು ಎಳ್ಳಷ್ಟೂ ಕಡಿಮೆಯಾಗಿಲ್ಲ. ಹೊಸ ಎಣ್ಣೆಯು ಸಾಕ್ಷ್ಯವನ್ನು ತಿಳಿಯಾಗಿಸಿತು, ಅಷ್ಟೆ. ಹೆಚ್ಚು ಎಣ್ಣೆ ಕುಡಿಯುವ ಎಂಜಿನ್ನೇ ವರದಿಯಲ್ಲಿ ಹೆಚ್ಚು ಆರೋಗ್ಯವಂತನಂತೆ ತೋರಬಹುದು! ಸುರಿದ ಎಣ್ಣೆಯ ಲೆಕ್ಕವಿಡದವನು ಈ ವರದಿಯನ್ನು ನಂಬಿ ಕೆಡುತ್ತಾನೆ.

ಪರೀಕ್ಷೆಗೆ ಇನ್ನೊಂದು ಮಿತಿಯೂ ಇದೆ. ರೋಹಿತ ಯಂತ್ರವು ಅತಿ ಸೂಕ್ಷ್ಮವಾದ ಕಣಗಳನ್ನು ಚೆನ್ನಾಗಿ ಅಳೆಯುತ್ತದೆ. ದೊಡ್ಡ ಚೂರುಗಳು ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಆದುದರಿಂದ ವರದಿ ಉತ್ತಮವಾಗಿದ್ದರೂ ಎಂಜಿನ್ನಿನ ಹೊಸ ಸದ್ದನ್ನು ಅಲಕ್ಷಿಸಬಾರದು. ಎಂಜಿನ್ನನ್ನು ಕೊಲ್ಲುವುದು ಹಳೆಯ ಎಣ್ಣೆಗಿಂತ ಹೆಚ್ಚಾಗಿ ಎಣ್ಣೆಯ ಅಭಾವ. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಸ್ವಲ್ಪ ಹೊತ್ತಿನ ಬಳಿಕ ಅಳತೆಯ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ನೋಡುವುದಕ್ಕೆ ಯಾವ ಪ್ರಯೋಗಶಾಲೆಯೂ ಬೇಡ.

ಕಾರಿನಲ್ಲಿ ಇಡುವ ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಓಡಿದ ದೂರ, ಸುರಿದ ಎಣ್ಣೆಯ ಪ್ರಮಾಣ—ಈ ಮೂರನ್ನು ತಪ್ಪದೆ ಬರೆದಿಟ್ಟರೆ ಪ್ರಯೋಗಶಾಲೆಯ ವರದಿಗೆ ಅರ್ಥ ಬರುತ್ತದೆ. ಬಿಚ್ಚಬೇಕಾದ ಎಂಜಿನ್ನನ್ನು ಸಕಾಲದಲ್ಲಿ ಬಿಚ್ಚುವುದೂ, ಬಿಚ್ಚಬೇಕಿಲ್ಲದುದನ್ನು ಬಿಚ್ಚದಿರುವುದೂ ಆಗ ಸಾಧ್ಯವಾಗುತ್ತದೆ. ಅಳೆಯುವುದು, ಬರೆದಿಡುವುದು, ಹೋಲಿಸುವುದು, ಬಳಿಕವೇ ತೀರ್ಮಾನಿಸುವುದು—ವಿಜ್ಞಾನದ ಈ ಸರಳ ಕ್ರಮವು ಹಳೆಯ ಕಾರಿನ ಒಡೆಯನಿಗೂ ದಾರಿದೀಪವಾಗಬಲ್ಲುದು.