ಆನೆ ಕನಸಿಗೆ ಬೆಚ್ಚಿ ಬೀಳುವವರು ಹಗಲಲ್ಲಿ ಮಾಡಬೇಕಾದ್ದು

ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ನಿದ್ದೆ ಕೆಡುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನನಂಥ ಪಳಗಿದ ಆನೆಯೇ 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತಿತು. ಹಾಗಿರುವಾಗ ಬರಿಗೈಲಿ ತೋಟಕ್ಕೆ ಇಳಿಯುವವರ ರಾತ್ರಿಗಳಲ್ಲಿ ಆನೆ ಬರದಿದ್ದರೇ ಆಶ್ಚರ್ಯ. ಇಂಥ ಕನಸು ಬಿದ್ದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತೇವೆ. ಒಂದೋ ಶಾಸ್ತ್ರ ಕೇಳಲು ಹೋಗುತ್ತೇವೆ, ಇಲ್ಲವೇ ಯಾರಿಗೂ ಹೇಳದೆ ನುಂಗಿಕೊಳ್ಳುತ್ತೇವೆ. ಎರಡರಿಂದಲೂ ಮರುದಿನದ ನಿದ್ದೆ ಸುಧಾರಿಸುವುದಿಲ್ಲ. ಬೌದ್ಧರ ಧ್ಯಾನಪದ್ಧತಿ ತೋರಿಸುವ ದಾರಿ ಬೇರೆ. ಕನಸು ಮುಂದಾಗುವುದರ ಸೂಚನೆಯಲ್ಲ, ಹಗಲಿಡೀ ಮನಸ್ಸು ಏನನ್ನು ಮೆಲುಕು ಹಾಕಿತೋ ಅದರದೇ ಮುಂದುವರಿಕೆ. ಆದ್ದರಿಂದ ಅದನ್ನು ಸರಿಪಡಿಸುವ ಕೆಲಸವೂ ಹಗಲಲ್ಲೇ ನಡೆಯಬೇಕು.

ಇದು ಇಂದಿನವರು ಬುದ್ಧನ ಬಾಯಿಗೆ ತುರುಕಿದ ಮಾತಲ್ಲ. ಬೌದ್ಧ ಗ್ರಂಥವಾದ ದೀಘನಿಕಾಯದ ಮೊದಲನೆಯ ಸುತ್ತವಾದ ಬ್ರಹ್ಮಜಾಲದಲ್ಲಿ ಭಿಕ್ಷುಗಳು ಹೊಟ್ಟೆಪಾಡಿಗೆ ಮಾಡಬಾರದ ವಿದ್ಯೆಗಳ ಉದ್ದ ಪಟ್ಟಿಯೇ ಇದೆ. ಕನಸಿಗೆ ಅರ್ಥ ಹೇಳುವುದೂ ಅದರಲ್ಲಿ ಒಂದು. ಬುದ್ಧನ ತಾಯಿ ಮಾಯಾದೇವಿಗೆ ಬಿಳಿಯಾನೆಯ ಕನಸು ಬಿದ್ದದ್ದು ಶುಭಶಕುನವಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಕಥೆ ಇರುವುದು ನಿಜ. ಕನಸಿನ ಕಾರಣಗಳನ್ನು ಎಣಿಸುವ ‘ಮಿಲಿಂದ ಪ್ರಶ್ನೆ’ ಎಂಬ ಬೌದ್ಧ ಗ್ರಂಥ ಕೂಡ ಮುನ್ಸೂಚನೆಯ ಕನಸನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅದು ಎಣಿಸುವ ಕಾರಣಗಳಲ್ಲಿ ವಾತ, ಪಿತ್ತ, ಕಫಗಳ ಏರುಪೇರೂ ರೂಢಿಯಾದ ಅನುಭವಗಳೂ ಇವೆ. ಕಥೆಯನ್ನು ಗೌರವದಿಂದ ಕೇಳಿದವರೇ ನಿತ್ಯದ ಶಿಸ್ತಿಗೆ ಬಂದಾಗ ಕನಸಿನ ವ್ಯಾಪಾರ ಬೇಡವೆಂದರು. ಇತ್ತ ನಿದ್ರಾವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ವೇಗವಾಗಿ ಚಲಿಸುವ ನಿದ್ದೆಯ ಹಂತವನ್ನು ಅಮೆರಿಕದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ 1953ರಲ್ಲಿ ಪ್ರಕಟಿಸಿದ ಮೇಲೆ ನಡೆದ ಸಂಶೋಧನೆಗಳಲ್ಲಿ, ಕನಸಿನ ವಸ್ತು ಬಹುಪಾಲು ಎಚ್ಚರದ ಹೊತ್ತಿನ ಚಿಂತೆಗಳಿಂದಲೇ ಬರುತ್ತದೆ ಎಂಬುದು ಮತ್ತೆ ಮತ್ತೆ ಕಂಡಿದೆ.

ಹಾಗಾದರೆ ಶುರು ಎಲ್ಲಿಂದ? ಮೊದಲು ಜಾಗ. ಬೆಳಗಿನ ಮಂಜಿನಲ್ಲಿ ತೋಟದ ನಡುವೆ ಕೂತು ಧ್ಯಾನ ಮಾಡುವ ಚಿತ್ರಗಳು ಹೋಂಸ್ಟೇ ಜಾಹೀರಾತಿಗೆ ಸರಿ. ಆನೆ ಓಡಾಡುವ ಊರಿನಲ್ಲಿ ನಸುಕಿಗೂ ಮುಸ್ಸಂಜೆಗೂ ಅಂಥ ಸಾಹಸ ಬೇಡ. ಜಗುಲಿ, ಪಡಸಾಲೆ, ಮಂಚದ ಅಂಚು, ಯಾವುದಾದರೂ ಸಾಕು. ಎದ್ದ ಕೂಡಲೇ ಮೊಬೈಲು ಮುಟ್ಟಬೇಡಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಆದರೆ ಇಲ್ಲಿ ಆ ಸಲಹೆ ನಡೆಯದು. ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ನೋಡಿ, ಮನೆಯವರಿಗೂ ಕೆಲಸದವರಿಗೂ ತಿಳಿಸಿ, ಆಮೇಲೆ ಫೋನು ಬದಿಗಿಟ್ಟು ಕೂತುಕೊಳ್ಳಿ. ಬೆನ್ನು ನೆಟ್ಟಗಿರಲಿ, ಮಂಡಿ ನೋವಿದ್ದವರಿಗೆ ಕುರ್ಚಿಯೇ ಒಳ್ಳೆಯದು. ಉಸಿರು ಮೂಗಿನ ತುದಿಗೆ ತಾಗುವುದನ್ನು ಗಮನಿಸುತ್ತ ಎಣಿಸಿ. ಐದನೆಯ ಶತಮಾನದ ಬುದ್ಧಘೋಷ ವಿಸುದ್ಧಿಮಗ್ಗದಲ್ಲಿ ಈ ಎಣಿಕೆ ಐದಕ್ಕಿಂತ ಮೊದಲೇ ನಿಲ್ಲಬಾರದು, ಹತ್ತನ್ನು ದಾಟಲೂಬಾರದು ಎಂದಿದ್ದಾನೆ. ಅನುಭವದ ಮಾತದು: ಕಡಿಮೆಯಾದರೆ ಮನಸ್ಸು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಉಸಿರನ್ನು ಬಿಟ್ಟು ಲೆಕ್ಕದ ಹಿಂದೆ ಹೋಗುತ್ತದೆ. ಲೆಕ್ಕ ತಪ್ಪಿದರೆ ಬೇಸರಪಡದೆ ಒಂದರಿಂದ ಶುರು ಮಾಡಿ. ಆರಂಭಕ್ಕೆ ಹತ್ತು ನಿಮಿಷ ಸಾಕು. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದರೆ ಅದು ಅಡ್ಡಿಯಲ್ಲ, ಆ ಸದ್ದನ್ನೇ ಕೇಳುತ್ತ ಕೂರಬಹುದು.

ಹತ್ತು ನಿಮಿಷವೂ ಇಲ್ಲದವರು ಏನು ಮಾಡಬೇಕು ಎಂಬುದು ನ್ಯಾಯವಾದ ಪ್ರಶ್ನೆ. ನವೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲಿನ ಕಾಲದಲ್ಲಿ, ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ಹೆಂಗಸಿಗೆ ಕಣ್ಣುಮುಚ್ಚಿ ಕೂತಷ್ಟೂ ನಷ್ಟ. ಧ್ಯಾನವೆಂದರೆ ಬಿಡುವಿದ್ದವರ ಶೋಕಿ ಎಂಬ ಆಕ್ಷೇಪ ಹುಟ್ಟುವುದು ಇಲ್ಲಿಯೇ, ರೆಸಾರ್ಟುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸತಿಪಟ್ಠಾನ ಸುತ್ತ ಹೇಳುವ ಎಚ್ಚರ ಕೂರುವುದಕ್ಕೆ ಮಾತ್ರ ಸೀಮಿತವಲ್ಲ. ನಡೆಯುವಾಗ, ಬಾಗುವಾಗ, ಕೈ ಚಾಚುವಾಗ, ಉಣ್ಣುವಾಗ ಕೂಡ ಅದಿರಬೇಕು. ಅರೇಬಿಕಾ ಹಣ್ಣು ಬಿಡಿಸುವ ಕೈಯನ್ನೇ ನೋಡಿ. ಎಡಗೈ ರೆಕ್ಕೆಯನ್ನು ಬಗ್ಗಿಸಿ ಹಿಡಿಯುತ್ತದೆ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಕೆಂಪು ಹಣ್ಣನ್ನಷ್ಟೇ ತಿರುಗಿಸಿ ಬಿಡಿಸುತ್ತವೆ, ಪಕ್ಕದ ಹಸಿರು ಕಾಯಿ ಹಾಗೇ ಉಳಿಯುತ್ತದೆ, ಗೆಣ್ಣಿಗೆ ಪೆಟ್ಟಾಗುವುದಿಲ್ಲ. ಬೆರಳು ಇಷ್ಟು ಎಚ್ಚರದಿಂದಿರುವಾಗ ಮನಸ್ಸು ಮಾತ್ರ ಸಾಲದ ಕಂತು, ಮಗಳ ಫೀಸು, ನಿನ್ನೆಯ ಜಗಳಗಳಲ್ಲಿ ಸುತ್ತುತ್ತಿರುತ್ತದೆ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಒಂದು ಉಸಿರನ್ನು ಪೂರ್ತಿ ಗಮನಿಸುವುದು, ಚಿಂತೆ ಬಂದಾಗ ‘ಇದು ಸಾಲದ ಚಿಂತೆ’ ಎಂದು ಒಳಗೇ ಹೆಸರಿಟ್ಟು ಬೆರಳಿನ ಕಡೆಗೆ ಮರಳುವುದು, ಇಷ್ಟೇ ಅಭ್ಯಾಸ. ಕೂಲಿ ಕಡಿಮೆಯಾಗುವುದಿಲ್ಲ. ಸಾಲ ತೀರುವುದೂ ಇಲ್ಲ, ಕೂಲಿ ಹೆಚ್ಚಿಸುವ ಹೋರಾಟಕ್ಕೆ ಇದು ಬದಲಿಯೂ ಅಲ್ಲ. ಆದರೆ ಅದೇ ಚಿಂತೆ ದಿನಕ್ಕೆ ನೂರು ಸಲ ತಿರುಗಿ ರಾತ್ರಿಗೆ ಉಳಿಯುವುದು ತಪ್ಪುತ್ತದೆ.

ಮಲಗುವ ಮುಂಚಿನ ಹೆಜ್ಜೆ ಮೈತ್ರಿ ಭಾವನೆ. ಮೈತ್ರಿಯ ಹನ್ನೊಂದು ಫಲಗಳನ್ನು ಹೇಳುವ ಅಂಗುತ್ತರ ನಿಕಾಯದಲ್ಲಿ ಮೊದಲ ಮೂರೂ ನಿದ್ದೆಗೇ ಸಂಬಂಧಿಸಿವೆ: ಸುಖವಾಗಿ ಮಲಗುತ್ತಾನೆ, ಸುಖವಾಗಿ ಏಳುತ್ತಾನೆ, ಕೆಟ್ಟ ಕನಸು ಕಾಣುವುದಿಲ್ಲ. ‘ನಾನು ಕ್ಷೇಮವಾಗಿರಲಿ’ ಎಂದು ಆರಂಭಿಸಿ ಮನೆಯವರು, ನೆರೆಯವರು, ಆಮೇಲೆ ಗದ್ದೆಯ ಬದುವಿಗೆ ತಕರಾರು ತೆಗೆದವರು, ಕಡೆಗೆ ಗದ್ದೆ ತುಳಿದ ಆನೆಯ ತನಕ ಆ ಹಾರೈಕೆ ಹರಡಲಿ. ಕೊನೆಯದು ಕಷ್ಟ, ಮನಸ್ಸು ಒಪ್ಪದಿದ್ದರೆ ಮನೆಯವರಲ್ಲೇ ನಿಲ್ಲಿಸಿ. ಚಳಿ, ಮಳೆಯ ನೆಪದಲ್ಲಿ ರಾತ್ರಿ ಕುಡಿಯುವವರಿಗೆ ಒಂದು ಮಾತು: ಮದ್ಯ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ತಡೆಯುತ್ತದೆ, ಅಮಲು ಇಳಿದ ಮೇಲೆ ಬೆಳಗಿನ ಜಾವ ಅದು ದುಪ್ಪಟ್ಟು ಬಲದಿಂದ ಬರಬಹುದು. ಧ್ಯಾನದಿಂದ ಇದನ್ನು ಸರಿದೂಗಿಸಲಾಗದು.

ಒಂದೇ ಕನಸು ಮರುಕಳಿಸುತ್ತಿದ್ದರೆ ಬೆಳಿಗ್ಗೆ ಅದನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ಪಕ್ಕದಲ್ಲಿ ಹಿಂದಿನ ದಿನ ಮನಸ್ಸನ್ನು ಕಾಡಿದ ವಿಷಯ ಬರೆಯಿರಿ, ಎರಡಕ್ಕೂ ನಂಟು ಇದೆಯೇ ನೋಡಿ. ಬಳಿಕ ಕನಸಿನ ಕೊನೆಯನ್ನು ಬದಲಾಯಿಸಿ ಬರೆಯಿರಿ: ಆನೆ ಅಟ್ಟಿಸಿಕೊಂಡು ಬರುವ ಬದಲು ಕೆರೆಯ ಕಡೆ ತಿರುಗಿ ಹೋಯಿತು ಎಂದು. ಹಗಲಿನಲ್ಲಿ ಹತ್ತಿಪ್ಪತ್ತು ನಿಮಿಷ ಈ ಹೊಸ ಕನಸನ್ನು ಕಣ್ಮುಂದೆ ತಂದುಕೊಳ್ಳಿ. ಇದು ಬೌದ್ಧರ ವಿಧಾನವಲ್ಲ, ವೈದ್ಯರದು. ದುಃಸ್ವಪ್ನಗಳಿಗೆ ಇದನ್ನು ಅಮೆರಿಕದ ನಿದ್ರಾವೈದ್ಯಕೀಯ ಅಕಾಡೆಮಿ 2018ರಲ್ಲಿ ಶಿಫಾರಸು ಮಾಡಿದೆ.

ಭಯವೇ ನಮ್ಮನ್ನು ಕಾಯುತ್ತಿದೆ, ಅದನ್ನೂ ಕಳೆದುಕೊಂಡರೆ ಆನೆಗೆ ಸಿಕ್ಕಿಬೀಳುವುದಿಲ್ಲವೇ? ಈ ಭಾಗದವರು ಕೇಳಲೇಬೇಕಾದ ಪ್ರಶ್ನೆ. ಎಚ್ಚರ ಬೇರೆ, ಕಳವಳ ಬೇರೆ. ಬೈನೆ ಮರ ಮುರಿಯುವ ಸದ್ದು, ಹಸಿ ಲದ್ದಿಯ ವಾಸನೆ, ಇವೆಲ್ಲ ಕಿವಿ ಮೂಗುಗಳಿಗೆ ಬೇಗ ತಾಗುವುದು ಮನಸ್ಸು ಇದ್ದಲ್ಲೇ ಇದ್ದಾಗ. ನಿದ್ದೆಗೆಟ್ಟವನಿಗೆ ಆ ಚುರುಕು ಇರುವುದಿಲ್ಲ. ಧ್ಯಾನ ತೆಗೆಯಬೇಕಾದ್ದು ಹಾಸಿಗೆಯಲ್ಲಿನ ಭಯವನ್ನು, ತೋಟದ ದಾರಿಯಲ್ಲಿನ ಎಚ್ಚರವನ್ನಲ್ಲ.

ಹೆಚ್ಚು ಕಲಿಯಬೇಕೆನ್ನುವವರಿಗೆ ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರಗಳಿವೆ. ಊಟ, ವಸತಿ ಸೇರಿ ಶುಲ್ಕವಿಲ್ಲ. ಅವರ ಧಮ್ಮ ಪಫುಲ್ಲ ಕೇಂದ್ರ ಇರುವ ಊರಿನ ಹೆಸರೂ ಆಲೂರೇ, ಆದರೆ ಅದು ಬೆಂಗಳೂರಿನ ದಾಸನಪುರ ಹೋಬಳಿಯದು, ಗೊಂದಲ ಬೇಡ. ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಇಂಥ ದೀರ್ಘ ಮೌನಕ್ಕೆ ಇಳಿಯಬಾರದು. ಕೆಲವರಿಗೆ ಧ್ಯಾನದಿಂದಲೇ ಹಳೆಯ ಭಯಗಳು ಮೇಲೇಳುತ್ತವೆ. ಹಾಗಾದರೆ ಕೂರುವುದನ್ನು ನಿಲ್ಲಿಸಿ. ಆನೆ ದಾಳಿಯನ್ನು ಕಣ್ಣಾರೆ ಕಂಡವರು, ಮನೆಯವರನ್ನು ಕಳೆದುಕೊಂಡವರು ವಾರಗಟ್ಟಲೆ ನಿದ್ದೆಯಿಲ್ಲದೆ ನರಳುತ್ತಿದ್ದರೆ ಉಸಿರು ಎಣಿಸುತ್ತ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.