ಏಳನೇ ತರಗತಿಯಲ್ಲಿ ಚೀನಾದ ಹುಣ್ಣಿಮೆ ಹಬ್ಬ: ಎರಡು ಬಾರಿ ಮಾಡಿದ ಪಾಠ

ನೆರೆಯ ದೇಶಗಳ ಜನಜೀವನದ ಬಗ್ಗೆ ಏಳನೇ ತರಗತಿಗೆ ಅಭ್ಯಾಸ ಪಾಠ ಮಾಡಬೇಕಿತ್ತು. ಚೀನಾದ ಝೊಂಗ್‌ಚಿಯು, ಅಂದರೆ ನಡುಶರತ್ಕಾಲದ ಸುಗ್ಗಿ ಹಬ್ಬವನ್ನು ಆರಿಸಿಕೊಂಡೆ. ಪೀಠಿಕೆಯಲ್ಲಿ, ‘ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಯಾರ್ಯಾರು ಸೇರುತ್ತೀರಿ?’ ಎಂದು ಕೇಳಿದೆ. ಮುಂದಿನ ಸಾಲಿನವರು ಕೂಗಿ ಕೂಗಿ ಹೇಳಿದರು. ಮೂರನೇ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದ. ಅದನ್ನು ಗಮನಿಸಿಯೂ ನಾನು ಕಪ್ಪುಹಲಗೆಯ ಮೇಲೆ ‘ಕುಟುಂಬ ಒಂದಾಗುವ ಹಬ್ಬ’ ಎಂದು ದೊಡ್ಡದಾಗಿ ಬರೆದೆ. ಅವನ ಅಪ್ಪ ಅಮ್ಮ ಇಬ್ಬರೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ ಎಂಬುದು ತರಗತಿ ಶಿಕ್ಷಕಿಯಿಂದ ಆಮೇಲೆ ತಿಳಿಯಿತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: ‘ಪೀಠಿಕೆಯ ಪ್ರಶ್ನೆಗೆ ಎಲ್ಲ ಮಕ್ಕಳ ಬಳಿಯೂ ಉತ್ತರ ಇರಬೇಕು.’

ಮುಂದಿನ ವಾರ ಅನುಮತಿ ಪಡೆದು ಅದೇ ತರಗತಿಗೆ ಮತ್ತೆ ಹೋದೆ. ಈ ಸಲ ಚಂದ್ರನಿಂದ ಆರಂಭಿಸಿದೆ. ಚಂದ್ರನನ್ನು ನಾವು ಶಶಾಂಕ ಎನ್ನುವುದೇಕೆ? ಅದರಲ್ಲಿ ಮೊಲ ಕಾಣುತ್ತದೆ ಎಂದು ಹಲವರಿಗೆ ಗೊತ್ತಿತ್ತು. ಚೀನೀಯರಿಗೂ ಅಲ್ಲಿ ಮೊಲವೇ ಕಾಣುತ್ತದೆ. ಅವರ ಮೊಲ ಚಂದ್ರನಲ್ಲಿರುವ ಚಾಂಗ್‌ಅ ದೇವಿಯ ಜೊತೆಗಿದ್ದು ಒರಳಿನಲ್ಲಿ ಔಷಧಿ ಕುಟ್ಟುತ್ತದೆ. 2013ರಲ್ಲಿ ಚೀನಾ ಚಂದ್ರನ ಮೇಲೆ ಇಳಿಸಿದ ವಾಹನಕ್ಕೆ ಆ ಮೊಲದ ಹೆಸರನ್ನೇ, ಯುಟು ಎಂದು, ಇಟ್ಟರು. ಪ್ರಜ್ಞಾನ್ ರೋವರ್ ಬಲ್ಲ ಮಕ್ಕಳಿಗೆ ಇದು ಬಹಳ ಹಿಡಿಸಿತು.

ಹಬ್ಬ ಬರುವುದು ಅವರ ಎಂಟನೇ ಚಾಂದ್ರಮಾಸದ ಹದಿನೈದನೇ ದಿನ. ನಮ್ಮ ಅಧಿಕಮಾಸದಂತೆ ಅವರಿಗೂ ಹೆಚ್ಚುವರಿ ತಿಂಗಳುಂಟು. 2025ರಲ್ಲಿ ಅವರಿಗೆ ಆರನೇ ತಿಂಗಳು ಎರಡು ಸಲ ಬಂತು. ಹಬ್ಬ ಅಕ್ಟೋಬರ್ 6ಕ್ಕೆ ಸರಿದು, ನಮ್ಮ ಸೀಗಿ ಹುಣ್ಣಿಮೆಯ ಚಂದ್ರನೇ ಅವರ ಹಬ್ಬದ ಚಂದ್ರನಾದ.

ತಿನಿಸಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಯುವೆಬಿಂಗ್ ಎಂಬ ದುಂಡನೆಯ ಮೂನ್‌ಕೇಕಿನೊಳಗೆ ತಾವರೆ ಬೀಜದ ಇಲ್ಲವೇ ಕೆಂಪು ಕಾಳಿನ ಸಿಹಿ ಹೂರಣ. ಹೂರಣ ಎಂದದ್ದೇ ತಡ, ‘ಹೋಳಿಗೆ!’ ಎಂದರು. ಕೆಲವದರ ನಡುವೆ ಚಂದ್ರನಂತೆ ಕಾಣಲು ಉಪ್ಪುಗಟ್ಟಿಸಿದ ಬಾತುಕೋಳಿ ಮೊಟ್ಟೆಯ ಹಳದಿ ಇಡುತ್ತಾರೆ ಎಂದಾಗ ಅರ್ಧ ತರಗತಿ ಮುಖ ಕಿವುಚಿತು. ಅದನ್ನು ತಡೆಯಲು ಹೋಗಲಿಲ್ಲ.

ಮೊದಲ ಪಾಠದಲ್ಲಿ ನಾನು ಬಿಟ್ಟಿದ್ದ ಸಂಗತಿಯೆಂದರೆ ಅದನ್ನು ಕತ್ತರಿಸುವ ಪದ್ಧತಿ. ಹಳೆಯ ರೂಢಿಯಂತೆ ಕತ್ತರಿಸುವವರು ಮೊದಲು ಮನೆಮಂದಿಯನ್ನೆಲ್ಲ ಎಣಿಸುತ್ತಾರೆ. ಪರ ಊರಿನಲ್ಲಿರುವವರೂ ಆ ಲೆಕ್ಕದೊಳಗೇ. ತುಂಡುಗಳು ಅಷ್ಟೇ ಇರಬೇಕು, ಎಲ್ಲವೂ ಸಮ ಇರಬೇಕು.

ಎಲ್ಲರಿಗೂ ದುಂಡನೆಯ ಕಾಗದ ಕೊಟ್ಟು, ‘ನಿಮ್ಮ ಮನೆಯ ಲೆಕ್ಕಕ್ಕೆ ಕತ್ತರಿಸಿ’ ಎಂದೆ. ಆ ಹುಡುಗ ಆರು ಪಾಲು ಮಾಡಿದ: ಅಜ್ಜ, ಅಜ್ಜಿ, ತಂಗಿ, ತಾನು, ಮತ್ತೆ ಗೋವಾದವರಿಬ್ಬರು. ‘ಟೀಚರ್, ಇವೆರಡು ನನ್ನ ಹತ್ರಾನೇ ಇರ್ಲಾ?’ ಎಂದು ಕೇಳಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡ.

ಐದು ಜನರ ಮನೆಯ ಮಕ್ಕಳು ಮಾತ್ರ ಪೇಚಿಗೆ ಸಿಕ್ಕರು. ಮಡಚಿದರೆ ಐದು ಸಮಪಾಲು ಬರುವುದಿಲ್ಲ. 72 ಡಿಗ್ರಿ ಅಳೆಯಬೇಕು. ಕೋನಮಾಪಕ ನನ್ನ ಬೋಧನೋಪಕರಣಗಳ ಪಟ್ಟಿಯಲ್ಲಿ ಇರಲಿಲ್ಲ.