ಅವಲಂಬನೆಯ ಅನುಪಾತ: ಬೋರ್ಡಿನ ಲೆಕ್ಕ, ಮನೆಯ ಲೆಕ್ಕ

ಅರ್ಥಶಾಸ್ತ್ರದ ತರಗತಿಯಲ್ಲಿ ಮಾನವ ಬಂಡವಾಳದ ಪಾಠ ಮುಗಿದ ದಿನ ನಮ್ಮ ಮೇಡಂ ಬೋರ್ಡಿನ ಮೇಲೆ ಒಂದು ಸೂತ್ರ ಬರೆದು, “ಇದನ್ನು ನಿಮ್ಮ ನಿಮ್ಮ ಮನೆಗೆ ಹಾಕಿ ನೋಡಿಕೊಂಡು ಬನ್ನಿ” ಎಂದರು. ಸೂತ್ರ ಸುಲಭವಾಗಿದೆ. 15 ವರ್ಷಕ್ಕಿಂತ ಚಿಕ್ಕವರನ್ನೂ 60 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರನ್ನೂ ಕೂಡಿಸಬೇಕು. ಆ ಮೊತ್ತವನ್ನು 15ರಿಂದ 59 ವರ್ಷದವರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. ಬರುವ ಉತ್ತರವೇ ಅವಲಂಬನೆಯ ಅನುಪಾತ. ದುಡಿಯುವ ವಯಸ್ಸಿನ ಪ್ರತಿ 100 ಜನರ ಮೇಲೆ ಎಷ್ಟು ಮಕ್ಕಳು ಮತ್ತು ಹಿರಿಯರ ಭಾರ ಇದೆ ಎಂಬುದನ್ನು ಇದು ತಿಳಿಸುತ್ತದೆ. (ಹಿರಿಯರನ್ನು ‘ಭಾರ’ ಎನ್ನುವುದು ನನಗೆ ಇಷ್ಟವಿಲ್ಲ. ಆದರೆ ಪರೀಕ್ಷೆಯಲ್ಲಿ ಹಾಗೇ ಬರೆಯಬೇಕು.)

ನಮ್ಮ ಮನೆಯಲ್ಲಿ ಏಳು ಜನ. ಅಜ್ಜಿ, ಅಂದರೆ ನಮ್ಮ ದಾದಿಮಾ, 72 ವರ್ಷ. ಅಬ್ಬಾ 50, ಅಮ್ಮಿ 44, ಅಕ್ಕ ಅಂದರೆ ಆಪಾ 23, ನಾನು 17, ತಮ್ಮಂದಿರು 12 ಮತ್ತು 9. ಅವಲಂಬಿತರು ಮೂವರು, ದುಡಿಯುವ ವಯಸ್ಸಿನವರು ನಾಲ್ವರು. 3 ಭಾಗಿಸು 4, ಗುಣಿಸು 100: ಉತ್ತರ 75.

ಮರುದಿನ ನಾನು ಎದ್ದು ನಿಂತು 75 ಎಂದು ಓದಿದೆ. ಮೇಡಂ ಕೇಳಿದರು: “ಆ ನಾಲ್ವರಲ್ಲಿ ಸಂಬಳ ತರುವವರು ಎಷ್ಟು ಜನ?” ಒಬ್ಬರೇ ಎಂದೆ. “ಹಾಗಾದರೆ ಇನ್ನೊಮ್ಮೆ ಮಾಡು.” ಆರು ಭಾಗಿಸು ಒಂದು, ಗುಣಿಸು 100. ಉತ್ತರ 600. ತರಗತಿ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಲೆಕ್ಕ ತಿದ್ದಿದಾಗ 400, 500, 700 ಎಂದು ಬರತೊಡಗಿತು, ನಗು ನಿಂತಿತು.

ಈ ಲೇಖನ ಬರೆಯುತ್ತಿರುವುದು ಆ 75ಕ್ಕೂ 600ಕ್ಕೂ ನಡುವಿನ ಅಂತರದ ಬಗ್ಗೆ.

ಮೊದಲು ದೇಶದ ಲೆಕ್ಕ ನೋಡೋಣ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 15 ವರ್ಷದೊಳಗಿನ ಮಕ್ಕಳು ಸುಮಾರು 37 ಕೋಟಿ, 60 ದಾಟಿದವರು ಸುಮಾರು 10.4 ಕೋಟಿ, ನಡುವಿನವರು ಸುಮಾರು 73 ಕೋಟಿ. ಸೂತ್ರಕ್ಕೆ ಹಾಕಿದರೆ ಅನುಪಾತ ಸುಮಾರು 65 ಬರುತ್ತದೆ. ಅದಾದ ಮೇಲೆ ಹುಟ್ಟುವ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಒಬ್ಬ ಮಹಿಳೆಗೆ ಸರಾಸರಿ 3.4 ಮಕ್ಕಳಿದ್ದರು. 2019-21ರ ಐದನೇ ಸಮೀಕ್ಷೆಯಲ್ಲಿ ಅದು 2.0. ಕರ್ನಾಟಕದಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ 2.1 ಬೇಕು, ಅಂದರೆ ನಮ್ಮ ರಾಜ್ಯ ಆ ಗೆರೆಯಿಂದ ಆಗಲೇ ಕೆಳಗಿದೆ. ಮುಸ್ಲಿಮರಲ್ಲಿ ಇದೇ ಅವಧಿಯಲ್ಲಿ 4.4ರಿಂದ 2.4ಕ್ಕೆ ಇಳಿದಿದೆ. ದಾದಿಮಾಗೆ ಎಂಟು ಮಕ್ಕಳು, ಅಮ್ಮಿಗೆ ನಾಲ್ಕು. ಆಪಾಳ ಗೆಳತಿಯರಲ್ಲಿ ಮದುವೆಯಾದವರು ಒಂದೋ ಎರಡೋ ಸಾಕು ಎನ್ನುತ್ತಾರೆ.

ಮಕ್ಕಳು ಕಡಿಮೆಯಾದಾಗ ಅವಲಂಬನೆಯ ಅನುಪಾತ ಇಳಿಯುತ್ತದೆ. ದುಡಿಯುವ ಕೈ ಹೆಚ್ಚು, ತಿನ್ನುವ ಬಾಯಿ ಕಡಿಮೆ. ಇದನ್ನೇ ಪುಸ್ತಕದಲ್ಲಿ ‘ಜನಸಂಖ್ಯಾ ಲಾಭಾಂಶ’ ಎನ್ನುತ್ತಾರೆ. ಆದರೆ ಈ ಲಾಭಾಂಶ ಕಾಯಂ ಅಲ್ಲ. ಇಂದಿನ ಯುವಕರೇ ನಾಳೆ ಮುದುಕರಾಗುತ್ತಾರೆ, ಅವರ ಜಾಗಕ್ಕೆ ಬರುವವರು ಕಡಿಮೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯಂತೆ 2022ರಲ್ಲಿ ಭಾರತೀಯರಲ್ಲಿ ಶೇ. 10.5ರಷ್ಟು ಜನ 60 ದಾಟಿದ್ದರು, 2050ಕ್ಕೆ ಅದು ಶೇ. 20.8 ಆಗಲಿದೆ. ಐವರಲ್ಲಿ ಒಬ್ಬರು. ಜಪಾನಿನಲ್ಲಿ 65 ದಾಟಿದವರೇ ಈಗ ಶೇ. 29ರ ಆಸುಪಾಸು ಇದ್ದಾರೆ, ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 0.72 ಮಗು. ಆದರೆ ಆ ದೇಶಗಳು ಮೊದಲು ಶ್ರೀಮಂತವಾದವು, ಆಮೇಲೆ ಮುಪ್ಪಾದವು. ನಮಗೆ ಆ ಕ್ರಮ ಸಿಗುತ್ತದೆಯೇ ಎಂಬುದೇ ಪ್ರಶ್ನೆ. 2050ರಲ್ಲಿ ನಮ್ಮ ಬ್ಯಾಚಿನವರಿಗೆ 42ರ ಆಸುಪಾಸು. ಅಂದರೆ ಈ ಕಿಟಕಿ ತೆರೆದಿರುವ ಕಾಲವೂ ನಾವು ದುಡಿಯುವ ಕಾಲವೂ ಒಂದೇ.

ಇದೇ ಕಾಲದಲ್ಲಿ ಕೆಲಸದ ಸ್ವರೂಪವೂ ಬದಲಾಗುತ್ತಿದೆ. ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಅಬ್ಬಾರಿಂದ ತಿಳಿದೆ.

ಅಬ್ಬಾ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಅವರ ಕೈಬರಹ ಚೆಂದ. ಕಿರ್ದಿ, ಖಾತೆ, ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ: ಚಿಕ್ಕವಳಿದ್ದಾಗ ಇವೆಲ್ಲ ನಮ್ಮ ಉರ್ದು ಮಾತು ಎಂದುಕೊಂಡಿದ್ದೆ, ಕಾಮರ್ಸ್‌ಗೆ ಬಂದ ಮೇಲೆ ಕನ್ನಡದ ಲೆಕ್ಕವೂ ಇದೇ ಮಾತಾಡುತ್ತದೆ ಎಂದು ಗೊತ್ತಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದಕ್ಕೂ ಮೊದಲು ಬಟ್ಟೆ ವ್ಯಾಪಾರದ ಬಹುಪಾಲಿಗೆ ಈ ರೀತಿಯ ತೆರಿಗೆ ಇರಲಿಲ್ಲ. ಆ ತಿಂಗಳು ಸೂರತ್‌ನ ಬಟ್ಟೆ ವ್ಯಾಪಾರಿಗಳು ಅಂಗಡಿ ಮುಚ್ಚಿ ಮುಷ್ಕರ ಹೂಡಿದ್ದು ಅದಕ್ಕೇ. ಈಗ ಪ್ರತಿ ಬಿಲ್ಲಿಗೂ ತೆರಿಗೆ ತೋರಿಸಬೇಕು, ರಿಟರ್ನ್ ಸಲ್ಲಿಸಬೇಕು. ಅಬ್ಬಾರ ಅಂಗಡಿಗೆ ಕಂಪ್ಯೂಟರ್ ಬಂತು, ಟ್ಯಾಲಿ ಬಂತು, ಮೂರು ತಿಂಗಳ ಕೋರ್ಸ್ ಮಾಡಿದ ಹುಡುಗನೂ ಬಂದ. ಅಬ್ಬಾರ ಮೇಜು ಗೋದಾಮಿನ ಕಡೆಗೆ ಸರಿಯಿತು. ಸಂಬಳ ಎರಡು ವರ್ಷ ಹೆಚ್ಚಲಿಲ್ಲ. ನಾನಾಗ ಒಂಬತ್ತು ವರ್ಷದವಳು, ಅಮ್ಮಿ ಟ್ಯೂಷನ್ ಬಿಡಿಸಿದ್ದಷ್ಟೇ ನೆನಪು.

ಟ್ಯಾಲಿಯ ಬಗ್ಗೆ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಅದು ನಮ್ಮ ರಾಜ್ಯದ್ದೇ. ಬೆಂಗಳೂರಿನ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ತೃಪ್ತಿಕರವಾದ ತಂತ್ರಾಂಶ ಸಿಗಲಿಲ್ಲ. ಆಗ ಅವರ ಮಗ ಭರತ್ ಗೋಯೆಂಕಾ ಅದನ್ನು ತಾವೇ ಬರೆದರು. ಕಂಪನಿ ಆರಂಭವಾದದ್ದು 1986ರಲ್ಲಿ. ಅಂದರೆ ನಮ್ಮ ಅಂಗಡಿಗಳ ಗುಮಾಸ್ತರ ಕೆಲಸ ಬದಲಿಸಿದ ಯಂತ್ರ ಎಲ್ಲೋ ದೂರದಿಂದ ಬಂದದ್ದಲ್ಲ, ಲೆಕ್ಕ ಗೊತ್ತಿದ್ದ ಒಂದು ಮನೆಯಿಂದಲೇ ಬಂತು.

ಇನ್ನು ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಘಟನೆ. ಒಬ್ಬ ಗಿರಾಕಿ ಅಂಗಡಿಗೆ ಕೆಲವು ಥಾನು ಬಟ್ಟೆ ವಾಪಸ್ ಕಳುಹಿಸಿದರು. ಅದು ಮಾರಾಟದ ವಾಪಸಾತಿ. ಹುಡುಗ ಅದನ್ನು ಖರೀದಿ ಎಂದು ನಮೂದಿಸಿದ. ಸಾಮಾನು ಒಳಗೆ ಬಂತಲ್ಲ, ಹಾಗಾಗಿ ಖರೀದಿ! ಈಗ ಯೋಚಿಸಿ: ತಾಳೆ ಪಟ್ಟಿಯಲ್ಲಿ ಇದು ಸಿಕ್ಕಿಬೀಳುತ್ತದೆಯೇ? ಇಲ್ಲ. ಮಾರಾಟ ವಾಪಸಾತಿಯನ್ನು ಡೆಬಿಟ್ ಮಾಡುವ ಬದಲು ಖರೀದಿಯನ್ನು ಡೆಬಿಟ್ ಮಾಡಿದ, ಗಿರಾಕಿಯ ಖಾತೆಗೆ ಕ್ರೆಡಿಟ್ ಹೇಗೂ ಆಯಿತು. ಎರಡೂ ಬದಿ ಸಮ. ಗಿರಾಕಿಯ ಬಾಕಿಯೂ ಸರಿ. ಒಟ್ಟು ಲಾಭ ಕೂಡ ವ್ಯತ್ಯಾಸವಾಗುವುದಿಲ್ಲ, ಬೇಕಾದರೆ ಮಾಡಿ ನೋಡಿ. ಕಂಪ್ಯೂಟರ್ ಒಂದು ಮಾತೂ ಆಡಲಿಲ್ಲ. ಆದರೆ ತೆರಿಗೆಯ ಕಡೆ ಇದು ಬೇರೆಯೇ ವಿಷಯ. ಖರೀದಿ ಎಂದರೆ ಅಂಗಡಿಯು ಹೂಡುವಳಿ ತೆರಿಗೆಯನ್ನು ವಾಪಸ್ ಕೇಳಿದಂತೆ. ಆ ಗಿರಾಕಿ ಅಂತಹ ಮಾರಾಟದ ಬಿಲ್ಲನ್ನೇ ಮಾಡಿರಲಿಲ್ಲವಾದ್ದರಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಮೊತ್ತ ತಾಳೆಯಾಗಲಿಲ್ಲ. ಮೂರು ದಿನ ಹುಡುಕಿದರು. ಕೊನೆಗೆ ಪತ್ತೆ ಮಾಡಿದ್ದು ಅಬ್ಬಾ. “ಆ ಪಾರ್ಟಿ ನಮಗೆ ಯಾವತ್ತೂ ಮಾಲು ಮಾರಿಲ್ಲ, ನಮ್ಮಿಂದ ಕೊಳ್ಳುವವರು” ಎಂದರಂತೆ, ಗೋದಾಮಿನಿಂದ ಬಂದು ಪರದೆ ನೋಡಿ.

ಇದರಿಂದ ನಾನು ಕಲಿತದ್ದು ಎರಡು ವಿಷಯ. ಅಬ್ಬಾರ ‘ಉದ್ಯೋಗ’ ಎಂಬುದು ಒಂದೇ ವಸ್ತು ಅಲ್ಲ, ಹಲವು ಕೆಲಸಗಳ ಕಟ್ಟು. ಬರೆಯುವುದು, ಕೂಡಿಸುವುದು, ತೆಗೆದುಹಾಕುವುದು, ಇವನ್ನು ಯಂತ್ರ ತೆಗೆದುಕೊಂಡಿತು. ವ್ಯವಹಾರ ಏನೆಂದು ಗುರುತಿಸುವುದು ಉಳಿಯಿತು. ಅದರ ಜೊತೆಗೆ, ಆ ಉಳಿದ ಜ್ಞಾನಕ್ಕೆ ಬೆಲೆ ಬರಬೇಕಾದರೆ ಯಂತ್ರದ ಭಾಷೆಯೂ ಗೊತ್ತಿರಬೇಕು. ತತ್ವ ಗೊತ್ತಿದ್ದ ಅಬ್ಬಾಗೆ ಕೀಲಿಮಣೆ ಗೊತ್ತಿರಲಿಲ್ಲ, ಕೀಲಿಮಣೆ ಗೊತ್ತಿದ್ದ ಹುಡುಗನಿಗೆ ತತ್ವ ಗೊತ್ತಿರಲಿಲ್ಲ. ಇಬ್ಬರೂ ಅರ್ಧರ್ಧ. ನಮ್ಮ ಊರಿನ ಗೋಡೆಗಳ ಮೇಲೆ “90 ದಿನದಲ್ಲಿ ಟ್ಯಾಲಿ, ಕೆಲಸ ಗ್ಯಾರಂಟಿ” ಎಂಬ ಪೋಸ್ಟರ್ ನೋಡಿದಾಗಲೆಲ್ಲ ನನಗೆ ಆ ಥಾನು ಬಟ್ಟೆ ನೆನಪಾಗುತ್ತದೆ.

ಬ್ಯಾಂಕುಗಳಲ್ಲೂ ಇದೇ ಆಯಿತು. ಗಣಕೀಕರಣದಿಂದ ನೌಕರಿ ಹೋಗುತ್ತದೆ ಎಂದು ನೌಕರರ ಸಂಘಗಳು ಹೆದರಿದ್ದವು. 1983ರಲ್ಲಿ ಒಪ್ಪಂದವಾಯಿತು, ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟಿತು, 1987ರಲ್ಲಿ ಮುಂಬೈಯಲ್ಲಿ ದೇಶದ ಮೊದಲ ಎಟಿಎಂ ಬಂತು. ಮಾತುಕತೆ, ತರಬೇತಿ, ನಿಧಾನ ಬದಲಾವಣೆಗೆ ಅಲ್ಲಿ ಸಮಯ ಸಿಕ್ಕಿತು. ಬಟ್ಟೆ ಅಂಗಡಿಯ ಗುಮಾಸ್ತನಿಗೆ ಸಂಘವಿಲ್ಲ, ಸಮಿತಿಯೂ ಇಲ್ಲ. ನಮ್ಮ ದೇಶದಲ್ಲಿ ಹೆಚ್ಚಿನವರು ದುಡಿಯುವುದು ಇಂಥ ಜಾಗಗಳಲ್ಲೇ.

ಬದಲಾವಣೆ ಅಲ್ಲಿಗೇ ನಿಂತಿಲ್ಲ. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ದಾಟಿದ ವಹಿವಾಟಿನವರಿಗೆ ಆರಂಭವಾಗಿ, 2023ರ ಆಗಸ್ಟ್‌ಗೆ 5 ಕೋಟಿ ದಾಟಿದವರಿಗೂ ಬಂತು. ಬಿಲ್ಲಿನ ಫೋಟೋ ತೆಗೆದರೆ ತಾನೇ ಓದಿ ನಮೂದಿಸುವ ತಂತ್ರಾಂಶ ಈಗಾಗಲೇ ಇದೆ. ಹಾಗಾದರೆ ಆ ಟ್ಯಾಲಿ ಹುಡುಗನ ಮೇಜೂ ಒಂದು ದಿನ ಗೋದಾಮಿನ ಕಡೆ ಸರಿಯಬಹುದು. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿಯಲ್ಲಿ, 2030ರೊಳಗೆ ಕೆಲಸಗಾರರ ಕೌಶಲಗಳಲ್ಲಿ ಶೇ. 39ರಷ್ಟು ಬದಲಾಗುತ್ತವೆ ಅಥವಾ ಹಳತಾಗುತ್ತವೆ ಎಂದು ಉದ್ಯೋಗದಾತರು ಅಂದಾಜು ಮಾಡಿದ್ದಾರೆ. ಅಂದಾಜು ಅಂದಾಜೇ, ಆದರೂ ಒಂದೇ ಸಲ ಕಲಿತು 60 ವರ್ಷದವರೆಗೆ ದುಡಿಯುವ ಕಾಲ ಮುಗಿಯಿತು ಎನ್ನಲು ನನಗೆ ವರದಿ ಬೇಕಿಲ್ಲ.

ಅದಕ್ಕಾಗಿ ನಮ್ಮ ಕಾಲೇಜಿಗೆ ನನ್ನದೊಂದು ಸಲಹೆ ಇದೆ. ಲೆಕ್ಕಶಾಸ್ತ್ರದಲ್ಲಿ ಸರಿಯಾದ ವ್ಯವಹಾರ ಕೊಟ್ಟು ನಮೂದಿಸಲು ಹೇಳುತ್ತಾರೆ. ವಾರಕ್ಕೊಮ್ಮೆಯಾದರೂ ತಪ್ಪಾಗಿ ನಮೂದಿಸಿದ, ಆದರೆ ತಾಳೆಯಾಗುವ ಪುಸ್ತಕ ಕೊಟ್ಟು ತಪ್ಪು ಹುಡುಕಲು ಹೇಳಲಿ. ತತ್ವದೋಷ ಎಂಬ ಪಾಠ ನಾಲ್ಕು ಅಂಕದ ಪ್ರಶ್ನೆಯಾಗಿ ಉಳಿದಿದೆ, ಆದರೆ ಯಂತ್ರ ನಮೂದಿಸುವ ಕಾಲದಲ್ಲಿ ನಮ್ಮ ಸಂಬಳ ಅದರಲ್ಲೇ ಇದೆ. ಮತ್ತೆ, ಸಂಜೆ ನಾಲ್ಕರ ಮೇಲೆ ಖಾಲಿ ಇರುವ ಕಂಪ್ಯೂಟರ್ ಕೊಠಡಿಯಲ್ಲಿ ಅಬ್ಬಾರಂಥವರಿಗೂ ಕುಳಿತುಕೊಳ್ಳಲು ಅವಕಾಶ ಸಿಗಲಿ.

ಅಬ್ಬಾ ಕೊನೆಗೆ ಟ್ಯಾಲಿ ಕಲಿತರು. ಕಲಿಸಿದ್ದು ಆಪಾ. ಅವಳು ಬಿ.ಕಾಂ. ಓದುವಾಗ, ಇಶಾ ನಮಾಜ್ ಮುಗಿದ ಮೇಲೆ ಹಳೆಯ ಲ್ಯಾಪ್‌ಟಾಪ್ ಮುಂದೆ ಇಬ್ಬರೂ ಕೂರುತ್ತಿದ್ದರು. ಅಬ್ಬಾ ಒಂದು ಬೆರಳಲ್ಲಿ ಒತ್ತುತ್ತಿದ್ದರು, ಆಪಾ ಬೈಯದೆ ಕಾಯುತ್ತಿದ್ದಳು. ಈಗ ಅಬ್ಬಾರ ಮೇಜು ಮತ್ತೆ ಒಳಗೆ ಬಂದಿದೆ. ಕಲಿಸಿದವಳು ಮನೆಯಲ್ಲಿದ್ದಾಳೆ. ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು, ಬಸ್ಸಿನಲ್ಲಿ ನಲವತ್ತು ನಿಮಿಷ. ದೂರ ಎಂದರು, ಮದುವೆಯ ಮಾತು ನಡೆಯುತ್ತಿದೆ ಎಂದರು. ಯಾರೂ ಗಟ್ಟಿಯಾಗಿ ಬೇಡ ಎನ್ನಲಿಲ್ಲ. ದಿನಾಂಕ ದಾಟಿತು.

75ಕ್ಕೂ 600ಕ್ಕೂ ನಡುವೆ ಇರುವುದು ಇದು. ಸೂತ್ರವು ತಲೆ ಎಣಿಸುತ್ತದೆ, ಕೆಲಸ ಎಣಿಸುವುದಿಲ್ಲ. 2023-24ರ ಶ್ರಮಶಕ್ತಿ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ. 78.8ರಷ್ಟು ಜನ ಕೆಲಸದಲ್ಲಿದ್ದರು ಅಥವಾ ಕೆಲಸ ಹುಡುಕುತ್ತಿದ್ದರು, ಹೆಂಗಸರಲ್ಲಿ ಶೇ. 41.7. 2017-18ರಲ್ಲಿ ಇದು 23.3 ಇತ್ತು, ಅಂದರೆ ಏರಿದೆ, ಆದರೆ ಏರಿಕೆಯ ಹೆಚ್ಚಿನ ಪಾಲು ಹಳ್ಳಿಗಳ ಸ್ವಂತ ಕೆಲಸದಲ್ಲಿ. ಅಮ್ಮಿ, ದಾದಿಮಾ ಸುಮ್ಮನೆ ಕೂತವರಲ್ಲ, ಬೆಳಗಿನ ಐದಕ್ಕೆ ಏಳುತ್ತಾರೆ, ಅದು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಆ ಚರ್ಚೆ ಬೇರೆ. ನಾನು ಹೇಳುತ್ತಿರುವುದು, ದೇಶದ ಲಾಭಾಂಶದ ಲೆಕ್ಕದಲ್ಲಿ ಆಪಾಳನ್ನು ಮೇಲಿನ ಸಾಲಿಗಲ್ಲ, ಕೆಳಗಿನ ಸಾಲಿಗೆ, ದುಡಿಯುವವರ ಜೊತೆಗೆ ಹಾಕಲಾಗಿದೆ. ಅವಳು ಅಲ್ಲಿ ಇಲ್ಲ. ಇನ್ನೈದು ವರ್ಷಕ್ಕೆ ನನ್ನನ್ನೂ ಹಾಗೇ ಹಾಕಿರುತ್ತಾರೆ.

ಮೇಡಂ ಕೊಟ್ಟ ಆ ಕಾಗದವನ್ನು ನಾನು ಊಟದ ಹೊತ್ತಿನಲ್ಲಿ ದಸ್ತರ್‌ಖಾನ್ ಪಕ್ಕದಲ್ಲಿ ಇಟ್ಟೆ. ಅಬ್ಬಾ ಕನ್ನಡಕ ಹಾಕಿಕೊಂಡು ಓದಿದರು. ಅವರಿಗೆ ಯಾವ ಲೆಕ್ಕ ಕೊಟ್ಟರೂ ಮೊದಲು ಪರೀಕ್ಷಿಸುವ ಅಭ್ಯಾಸ. 600ರ ಪಕ್ಕ ಪೆನ್ಸಿಲಿನಿಂದ ಸರಿ ಗುರುತು ಹಾಕಿದರು. ಆಮೇಲೆ ಕೆಳಗೆ ತಮ್ಮ ಚೆಂದದ ಅಕ್ಷರದಲ್ಲಿ ಐದು ಭಾಗಿಸು ಎರಡು, ಗುಣಿಸು 100 ಎಂದು ಬರೆದು, 250 ಎಂದು ಉತ್ತರ ಹಾಕಿದರು. ಆಪಾ ಅನ್ನದ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಅಬ್ಬಾ ಕಾಗದವನ್ನು ಮಡಚಿ ಜುಬ್ಬಾದ ಜೇಬಿಗೆ ಇಟ್ಟುಕೊಂಡು, “ಆ ಕಚೇರಿ ಯಾವ ಸ್ಟಾಪ್ ಹತ್ತಿರ ಅಂದಿದ್ದಳು?” ಎಂದು ನನ್ನನ್ನು ಕೇಳಿದರು.